ಹೊರೆ ಹೊತ್ತಾಗ

ಮುಡಬಿಯ ನಮ್ಮ ಮನೆಯ ಹಿಂದಿನ ಪತ್ರಾಸ್ ಶೆಡ್ಡಿನಲ್ಲಿ, ತೊಗರಿ ಹೊಟ್ಟಿನ ಚೀಲಗಳ ಪಕ್ಕ, ಅಣ್ಣನ ಕ್ಯಾಮ್ರಿ ಹೈಬ್ರಿಡ್ ನಾಲ್ಕು ವರ್ಷ ನಿಂತಿತ್ತು. ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾಗ, 2014ರಲ್ಲಿ ಅವನು ಕೊಂಡ ಕಾರು. ಅದನ್ನು ಬಿಡದಿಯ ಕಾರ್ಖಾನೆಯಲ್ಲಿ ಜೋಡಿಸಲು ತೊಡಗಿದ್ದು ಅದರ ಹಿಂದಿನ ವರ್ಷ. ‘ನಮ್ಮ ರಾಜ್ಯದಾಗ ಆದ ಗಾಡಿ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನು ತೀರಿಕೊಂಡ ಮೇಲೆ ಕೀಲಿ ಯಾರೂ ಮುಟ್ಟಲಿಲ್ಲ. ಅವ್ವ ಗಾಡಿಯ ಮೇಲೆ ತಾಡಪತ್ರಿ ಹೊದಿಸಿದಳು, ಅಷ್ಟೇ.

ಈ ಬೇಸಿಗೆಯಲ್ಲಿ ಬಸವಕಲ್ಯಾಣದ ಆಟೋನಗರದಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದೆ. ಲಾರಿಗಳ ನಡುವೆಯೇ ಬೆಳೆದು, ಆಮೇಲೆ ಬ್ಯಾಟರಿ ಕೆಲಸ ಕಲಿತವರು. ಹತ್ತು ದಿನ ಬಂದುಹೋಗಿ ಮಾಡಿದರು. ಆ ದಿನಗಳ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು: ತಳ್ಳಿ ನೋಡೂಣೇನ್ರಿ ಮಿಸ್ತ್ರಿ? ಇಬ್ಬರು ಹುಡುಗರನ್ನ ಕರೀತೀನಿ. ನಮ್ಮಪ್ಪನ ಜೀಪು ಹಂಗೇ ಚಾಲೂ ಆಗ್ತಿತ್ತು.

ಮಿಸ್ತ್ರಿ: ತಳ್ಳಿದ್ರ ಮುಂದ ಹೋಗ್ತದ ಸರ, ಚಾಲೂ ಆಗಂಗಿಲ್ಲ. ಇದಕ್ಕ ಬ್ಯಾರೆ ಸ್ಟಾರ್ಟರ್ ಇಲ್ಲ. ಎಂಜಿನ್ ತಿರುಗಿಸೋದು ಒಳಗಿನ ಮೋಟರ್. ಮೋಟರಿಗೆ ಕರೆಂಟ್ ಕೊಡೋದು ಹಿಂದಿನ ಸೀಟಿನ ಬೆನ್ನಿಗಿರೋ ದೊಡ್ಡ ಬ್ಯಾಟರಿ, 245 ವೋಲ್ಟ್ ಸಮೀಪ. ಆ ದೊಡ್ಡದರ ರಿಲೇ ಎತ್ತೋದು ಮತ್ತ ಡಿಕ್ಕಿಯೊಳಗಿನ 12 ವೋಲ್ಟಿನ ಸಣ್ಣ ಬ್ಯಾಟರಿ. ಸಣ್ಣದು ಸತ್ತಿತಂದ್ರ ದೊಡ್ಡದು ಇದ್ದೂ ಇಲ್ಲದಂಗ.

ನಾನು: ಅಂದ್ರ ಇಷ್ಟು ದೊಡ್ಡ ಗಾಡೀ ಜೀವ ಆ ಡಬ್ಬಿಯೊಳಗ ಅದ ಅಂತೀರೇನು?

ಮಿಸ್ತ್ರಿ: ಜೀವ ಅನ್ನಂಗಿಲ್ಲ. ಕದ ತೆಗಿಯೋನು ಅಂತೀನಿ. ಕದ ತೆಗಿಯೋನು ಮನೀ ಮಾಲಕ ಅಲ್ಲ. ಆದ್ರ ಅವ ಬರಲಿಲ್ಲಂದ್ರ ಮಾಲಕನೂ ಒಳಗೇ ಕುಂದ್ರಬೇಕು.

ಹೊಸ 12 ವೋಲ್ಟಿನ ಬ್ಯಾಟರಿ ಕೂಡಿಸಿದಾಗ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹತ್ತಿದವು, ಆದರೆ ‘ರೆಡಿ’ ಎಂಬ ಅಕ್ಷರ ಮಾತ್ರ ಮೂಡಲಿಲ್ಲ. ಹಿಂದಿನ ಸೀಟು ಬಿಚ್ಚಿದರೆ ದೊಡ್ಡ ಬ್ಯಾಟರಿಗೆ ತಣ್ಣನೆ ಗಾಳಿ ಎಳೆಯುವ ಫ್ಯಾನಿನ ತುಂಬ ತೊಗರಿ ಹೊಟ್ಟು, ಇಲಿಗಳು ಕಡಿದು ತಂದ ಗೋಣಿಯ ನಾರು. ಮಿಸ್ತ್ರಿ ರಬ್ಬರ್ ಕೈಗವಸು ಹಾಕಿಕೊಂಡು ಸರ್ವಿಸ್ ಪ್ಲಗ್ ಎಳೆದು ಜೇಬಿಗೆ ಇಳಿಸಿದರು. ‘ಇನ್ನ ಹತ್ತು ನಿಮಿಷ ಯಾರೂ ಕಿತ್ತಳೆ ವೈರಿನ ಹತ್ರ ಬರಬ್ಯಾಡ್ರಿ. ಬಂದ್ ಮಾಡಿದ ಮ್ಯಾಲೂ ಕೆಪಾಸಿಟರ್‌ನಾಗ ಕರೆಂಟ್ ಉಳೀತದ’ ಎಂದರು. ಆ ಹತ್ತು ನಿಮಿಷಕ್ಕೆ ಅವ್ವ ಚಹಾ ತಂದಳು.

ನಾನು: ನಾವು ಇದಕ್ಕ ಏನೂ ಮಾಡಿಲ್ರಿ. ಒಂದು ಗೀರು ಬಿದ್ದಿಲ್ಲ. ಜ್ವಾಪಾನ ಮಾಡಿ ಇಟ್ಟೀವಿ.

ಮಿಸ್ತ್ರಿ: ಏನೂ ಮಾಡಿಲ್ಲ ಅನ್ನೋದೇ ಆಗ್ಯದ ನೋಡ್ರಿ. ಒಳಗ 34 ಮಾಡ್ಯೂಲು ಅವ, ಒಂದೊಂದರಾಗ ಆರು ಸೆಲ್. ಸುಮ್ನ ನಿಂತ್ರೂ ಒಂದೊಂದು ತನ್ನ ತಾನೇ ಇಳೀತದ. ಎಲ್ಲಾ ಒಂದೇ ಸಮ ಇಳದಿದ್ರ ಚಿಂತಿ ಇರಲಿಲ್ಲ. ಒಂದು ಜಲ್ದಿ, ಒಂದು ನಿಧಾನ. ಗಾಡಿ ನಡೀತಿದ್ರ ದಿನಾ ತುಂಬಿ ದಿನಾ ಖರ್ಚಾಗಿ ಜತಿಗೆ ಇರ್ತಿದ್ವು. ನಿಂತ ಮ್ಯಾಲೆ ಒಂದಕ್ಕೊಂದು ಸಂಬಂಧ ತಪ್ಪಿ ಹೋಗ್ತದ.

ಅವ್ವ: ಬಿತ್ತೋ ಜ್ವಾಳದ ಬೀಜಾನೂ ಹಂಗೇ ತಮ್ಮಾ. ಗಡಿಗ್ಯಾಗ ಎಷ್ಟ್ ಚಂದ ಮುಚ್ಚಿಟ್ಟರೂ ನಾಕು ವರ್ಷಕ್ಕ ಅರ್ಧಕ್ಕರ್ಧ ಮೊಳಕಿ ಬರಂಗಿಲ್ಲ.

ನಾನು: ಬಂಗಾರ ಇಟ್ಟರ ಕೆಡಂಗಿಲ್ಲಲ್ಲ?

ಮಿಸ್ತ್ರಿ: ಬಂಗಾರಕ್ಕ ಯಾವ ಕೆಲಸಾನೂ ಇಲ್ಲ ಸರ, ಅದಕ್ಕ ಕೆಡಂಗಿಲ್ಲ.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಣ್ಣ ಕುಳಿತ ಸೀಟಿನಲ್ಲಿ ಕುಳಿತುಕೊಳ್ಳುವ ಎದೆ ನನಗಿರಲಿಲ್ಲ ಎಂದು ಹೇಳಬೇಕಿತ್ತು, ಹೇಳಲಿಲ್ಲ. ಅದನ್ನೇ ನಾಲ್ಕು ವರ್ಷ ‘ಜ್ವಾಪಾನ’ ಎಂಬ ಹೆಸರಿನಿಂದ ಕರೆದಿದ್ದೆವು.

ಮುಂದಿನ ದಿನಗಳಲ್ಲಿ ಮಾಡ್ಯೂಲುಗಳೆಲ್ಲ ಹಲಗೆಯ ಮೇಲೆ ಸಾಲಾಗಿ ಕೂತವು. ಚಾರ್ಜ್ ಮಾಡುವಾಗ ಹೊಟ್ಟೆ ಉಬ್ಬದಿರಲಿ ಎಂದು ಮಿಸ್ತ್ರಿ ಎರಡೂ ಕಡೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದರು. ಒಂದಕ್ಕೊಂದು ಆತುಕೊಂಡಿದ್ದರೆ ಮಾತ್ರ ಅವು ತಮ್ಮ ಆಕಾರದಲ್ಲಿ ಇರುತ್ತವಂತೆ. ಅವುಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅವ್ವ ಕೇಳದೆಯೇ ಹುಣಸೆಹಣ್ಣು ನೆನೆಹಾಕಿ ತಂದಳು. ಮಿಸ್ತ್ರಿ ಬೇಡ ಎನ್ನಲಿಲ್ಲ. ತಿಕ್ಕಿ, ಹುಳಿ ಒಂದಿಷ್ಟೂ ಉಳಿಯದಂತೆ ತೊಳೆದು ಒಣಗಿಸಿದರು.

ಮಿಸ್ತ್ರಿ: ಚಾರ್ಜ್ ಮಾಡಿ ಒಂದ್ ರಾತ್ರಿ ಬಿಟ್ಟು ಅಳದೀನಿ. ಇದೊಂದು 6.6 ವೋಲ್ಟ್. ಆರು ಸೆಲ್ಲಿನಾಗ ಒಂದು ಹೋಗ್ಯದ. ಉಳಿದ 33 ಎಲ್ಲಾ 7.8ರ ಆಸುಪಾಸು.

ನಾನು: ಹಂಗಂದ್ರ ಒಂದು ಬದಲಿ ಮಾಡಿದ್ರ ಆಯ್ತು. ಉಳಿದವೆಲ್ಲಾ ಸಮ ಅವ.

ಮಿಸ್ತ್ರಿ: ಕುಂತಾಗ ಸಮ ಅವ. ಈಗ ಹೊರಿ ಹೊರಿಸ್ತೀನಿ, ನೋಡ್ರಿ.

ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಒಂದೊಂದು ಮಾಡ್ಯೂಲಿಗೆ ಹಚ್ಚುತ್ತ ಹೋದರು. ಬಹಳಷ್ಟು ಗಟ್ಟಿಯಾಗಿ ನಿಂತವು. ಮೂರು ಮಾತ್ರ, ಎರಡೇ ನಿಮಿಷದಲ್ಲಿ, ಮೀಟರಿನ ಅಂಕಿ ಮೆಟ್ಟಿಲು ಇಳಿದಂತೆ ಇಳಿದುಬಿಟ್ಟವು.

ನಾನು: ಅವನ್ನೂ ತೆಗೀತೀರೇನು? ಒಳ್ಳೇವರ ನಡುವ ನಾಕು ದಿನ ನಡದ್ರ ಸುಧಾರಿಸಲಿಕ್ಕಿಲ್ಲೇನು? ನಿಮ್ಮ ಕಲ್ಯಾಣದಾಗೇ, 12ನೇ ಶತಮಾನದಾಗ, ಅನುಭವ ಮಂಟಪದಾಗ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಎಲ್ಲಾರೂ ಅಲ್ಲಮಪ್ರಭುವಿನ ಮುಂದ ಸಮ ಕುಂತ್ರು. ಅಲ್ಲಿ ಯಾರೂ ಬಲ್ಬು ಹಚ್ಚಿ ಅಳೀಲಿಲ್ಲ.

ಮಿಸ್ತ್ರಿ: ಅವರ ಹೆಸರಿನ ಮುಂದ ಏನದ ನೋಡ್ರಿ ಸರ. ಅಂಬಿಗ, ಮಡಿವಾಳ. ಒಬ್ಬ ಡೋಣಿ ನಡಸಿ ಬಂದಾನ, ಒಬ್ಬ ಬಟ್ಟಿ ಒಗದು ಬಂದಾನ. ಹೊರಿ ಹೊತ್ತೇ ಬಂದು ಕುಂತಾರ.

ನಾನು: ಸರಿ. ಹಂಗಾದ್ರ ಹೊರಲಾರದವರ ಗತಿ ಏನು? ಎತ್ತಿ ಒಗೀಬೇಕೇನು? ನಮ್ಮವ್ವಗ ಈಗ ಒಂದು ಕೊಡ ನೀರು ಎತ್ತಲಿಕ್ಕಾಗಂಗಿಲ್ಲ.

ಮಿಸ್ತ್ರಿ ಬಹಳ ಹೊತ್ತು ಸುಮ್ಮನಿದ್ದರು. ಬಲ್ಬು ಬಿಚ್ಚಿ ಪಕ್ಕಕ್ಕಿಟ್ಟು, ಅದು ಆರುವವರೆಗೆ ನೋಡುತ್ತಿದ್ದರು.

ಮಿಸ್ತ್ರಿ: ಈ ಗಾಡೀ ಒಳಗ 34ನ್ನೂ ಒಂದೇ ಸಾಲಿಗೆ ಕಟ್ಯಾರ. ಕರೆಂಟು ಒಂದರೊಳಗಿಂದ ಹಾಯ್ದೇ ಮುಂದಿನದಕ್ಕ ಹೋಗಬೇಕು, ಬ್ಯಾರೆ ದಾರಿ ಇಲ್ಲ. ಅಶಕ್ತ ಸೆಲ್ಲು ಮೊದಲು ಖಾಲಿ ಆಗ್ತದ. ಖಾಲಿ ಆಯ್ತಂತ ಉಳಿದವು ನಿಲ್ಲಂಗಿಲ್ಲ, ಅದರೊಳಗಿಂದ ಕರೆಂಟು ನೂಕ್ತಾನೇ ಇರ್ತಾವ. ಆಗ ಅದು ಉಲ್ಟಾ ಚಾರ್ಜ್ ಆಗಿ ಒಳಗೇ ಸುಡ್ತದ. ದಯಾ ಅಂತ ಅದನ್ನ ಸಾಲಿನಾಗ ಬಿಟ್ಟರ, ದಿನಾ ಅದಕ್ಕ ಹಿಂಸಾ ಕೊಟ್ಟಂಗ.

ನಾನು: ಅಂದ್ರ ತಪ್ಪು ಅದರದಲ್ಲ, ಸಾಲಿನದು.

ಮಿಸ್ತ್ರಿ: ಹೌದ್ರಿ. ಬ್ಯಾಟರಿ ತನ್ನ ಸಾಲು ತಾ ಬದಲಿ ಮಾಡಲಾರದು. ಮನುಷ್ಯಾರು ಮಾಡಬಹುದು. ಅವ್ವಗ ಕೊಡ ಎತ್ತಲಿಕ್ಕಾಗಂಗಿಲ್ಲಂತ ನೀವೇನು ಅಕೀನ್ನ ಹೊರಗ ಹಾಕೀರಾ? ತಂಬಗಿ ಕೊಟ್ಟೀರಿ.

ನಾನು: ತಂಬಗಿ ಅಕೀನೇ ತಗೊಂಡಾಳ. ನಾವು ಕೊಡೋತನಕ ಕಾಯಲಿಲ್ಲ.

ಬದಲಿಗೆ ಹೊಸವನ್ನು ಹಾಕಿ ಎಂದೆ, ಖರ್ಚಿನ ಚಿಂತೆ ಬೇಡ ಎಂದೆ. ಅದಕ್ಕೂ ಅವರು ಒಪ್ಪಲಿಲ್ಲ.

ಮಿಸ್ತ್ರಿ: ಮುದಿ ಎತ್ತಿನ ಜೋಡಿ ಹೋರಿ ಹೂಡ್ತಾರೇನ್ರಿ? ನೊಗ ವಾರಿ ಆಗ್ತದ, ಎರಡರ ಹೆಗಲೂ ಕೆಡ್ತದ. ಹೊಸದಿದ್ದಾಗ ಇವು ಆರೂವರೆ ಆಂಪಿಯರ್-ಅವರ್ ಹಿಡೀತಿದ್ವು. ಈಗ ನಾಕರಿಂದ ನಾಕೂವರೆ ಹಿಡೀತಾವ. ಅಷ್ಟೇ ಹಿಡಿಯೋ ಹಳೇ ನಾಕು ಹುಡುಕಿ ತರ್ತೀನಿ. ಆಮ್ಯಾಲೆ 34ನ್ನೂ ಅಕ್ಕಪಕ್ಕ ಕೂಡಿಸಿ ಒಂದ್ ದಿನ ಬಿಡ್ತೀನಿ. ಮ್ಯಾಲಿರೋವು ಕೆಳಗಿರೋವಕ್ಕ ಕೊಟ್ಟು ಒಂದೇ ಮಟ್ಟಕ್ಕ ಬರ್ತಾವ. ಆಗ ಮತ್ತ ಸಾಲಿಗೆ ಕಟ್ಟೋದು.

ನಾನು: ಇಷ್ಟೆಲ್ಲಾ ಮಾಡಿದ ಮ್ಯಾಲೆ ಎಷ್ಟ್ ವರ್ಷ ಬರ್ತದ?

ಮಿಸ್ತ್ರಿ: ಹೇಳಂಗಿಲ್ಲ. ಹೇಳಿದ್ರ ಸುಳ್ಳಾಗ್ತದ. ಒಂದು ಸೀಸನ್ ಬರಬಹುದು, ಮೂರು ಬರಬಹುದು. ಅದರ ಅಳತಿಯೊಳಗ ನಡಸ್ರಿ. ಈ ಗಾಡೀ ಕಂಪ್ಯೂಟರ್ ಸೈತ ಬ್ಯಾಟರಿ ಪೂರಾ ತುಂಬಸಂಗಿಲ್ಲ, ಪೂರಾ ಖಾಲಿ ಮಾಡಂಗಿಲ್ಲ, ನಡುವ ಇಡ್ತದ. ಅದಕ್ಕೇ ಇಷ್ಟ್ ದಿನ ಬಾಳಿಕೀ ಬಂದದ.

ನಾನು: ಆಯ್ದಕ್ಕಿ ಮಾರಯ್ಯ ಒಂದಿನ ಜಾಸ್ತಿ ಅಕ್ಕಿ ತಂದ್ರ ಹೆಂಡತಿ ಲಕ್ಕಮ್ಮ ವಾಪಸ್ ಕಳಿಸಿದ್ಲಂತ.

ಮಿಸ್ತ್ರಿ: ಅಕೀಗೆ ಎಷ್ಟು ಬೇಕಂತ ಗೊತ್ತಿತ್ತು. ನಮಗ ಮೀಟರ್ ಬೇಕಾಗ್ತದ.

ಉಳಿದ ಕೆಲಸ ಬೇಗ ಮುಗಿಯಿತು: ಮುಗ್ಗು ವಾಸನೆಯ ಹಳೆಯ ಪೆಟ್ರೋಲು ಇಳಿಸಿದ್ದು, ಎಂಜಿನ್ ಎಣ್ಣೆ, ಬ್ರೇಕ್ ಎಣ್ಣೆ, ನಿಂತ ಜಾಗದಲ್ಲೇ ಚಪ್ಪಟೆಯಾದ ಟೈರುಗಳು. ಹೊಟ್ಟಿನ ಚೀಲಗಳನ್ನು ನಾನೇ ಶೆಡ್ಡಿನಿಂದ ಹೊರಗೆ ಹಾಕಿದೆ.

ಹೊರಡುವ ಹಿಂದಿನ ಸಂಜೆ ಮಿಸ್ತ್ರಿ ಆ ಮೂರು ಅಶಕ್ತ ಮಾಡ್ಯೂಲುಗಳಲ್ಲಿ ಎರಡನ್ನು ಕೂಡಿಸಿ, ಒಂದು ಎಲ್‌ಇಡಿ ಬಲ್ಬು ಹಚ್ಚಿ ದನದ ಕೊಟ್ಟಿಗೆಯಲ್ಲಿ ತೂಗುಹಾಕಿದರು. ಹೆಡ್‌ಲೈಟನ್ನು ಎರಡು ನಿಮಿಷ ಹೊರಲಾರದವು ಆ ರಾತ್ರಿ ಕರೆಂಟು ಹೋದಾಗ ಕೊಟ್ಟಿಗೆಗೆ ಬೆಳಕಾದವು. ನಾನು ಎರಡು ಸಲ ಎದ್ದು ಹೋಗಿ ನೋಡಿದೆ. ಉರಿಯುತ್ತಲೇ ಇತ್ತು.

ಬೆಳಿಗ್ಗೆ ನಾನೇ ಅಣ್ಣನ ಸೀಟಿನಲ್ಲಿ ಕುಳಿತೆ. ಬ್ರೇಕ್ ಒತ್ತಿ ಬಟನ್ ಒತ್ತಿದೆ. ‘ರೆಡಿ’ ಮೂಡಿತು.

ಅವ್ವ: ಇನ್ನಾ ಚಾಲೂ ಆಗಿಲ್ಲಲ್ಲೋ?

ನಾನು: ಆಗ್ಯದವ್ವ. ಸಪ್ಪಳ ಇಲ್ಲ, ಅಷ್ಟೇ. ಕುಂದ್ರು.

ಅವ್ವ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಕುಳಿತಳು. ಗಾಡಿ ಸದ್ದಿಲ್ಲದೆ ಅಂಗಳ ದಾಟಿತು. ತುಕ್ಕು ಹಿಡಿದ ಬ್ರೇಕು ಮೊದಲ ತಿರುವಿನಲ್ಲಿ ಕಿರುಗುಟ್ಟಿ, ಎರಡನೆಯದರಲ್ಲಿ ಸುಮ್ಮನಾಯಿತು. ಊರು ದಾಟಿ ಕಲ್ಯಾಣದ ದಾರಿಗೆ ಬಂದು ಸ್ವಲ್ಪ ವೇಗ ಹೆಚ್ಚಿಸಿದೆ. ಆಗ ಎಂಜಿನ್ ತಾನಾಗಿ ಎದ್ದಿತು.

ಅವ್ವ ಕಣ್ಣು ಮುಚ್ಚಿಕೊಂಡಳು. ರಾತ್ರಿ ಎಷ್ಟು ಹೊತ್ತಾದರೂ ಅಣ್ಣ ಬಂದನೆಂದು ಅವಳಿಗೆ ತಿಳಿಯುತ್ತಿದ್ದುದು ಈ ಸದ್ದಿನಿಂದಲೇ.

ಅವ್ವ: ಇಲ್ಲೇ ಹೊಳ್ಳಿಸಬ್ಯಾಡ. ಇನ್ನಷ್ಟು ಮುಂದ ಹೋಗು.