ಹಿತ್ತಿಲ ಬೀಜವೂ ಭಕ್ತನ ಎಚ್ಚರವೂ

ಬೀಜಾಂಕುರನ್ಯಾಯವು ಶಾಸ್ತ್ರಜ್ಞರಿಗೆ ಚಿರಪರಿಚಿತವಾದುದು. ಬೀಜ ಮೊದಲೋ ಅಂಕುರ ಮೊದಲೋ ಎಂಬ ವಿಚಾರಕ್ಕೆ ಆದಿಯೇ ಸಿಕ್ಕದೆಂದು ತೋರಿಸಲು ತಾರ್ಕಿಕರು ಅದನ್ನು ಉಪಯೋಗಿಸುತ್ತಾರೆ. ವೀರಶೈವ ಸಿದ್ಧಾಂತದಲ್ಲಿಯಾದರೋ ಬೀಜದ ದೃಷ್ಟಾಂತಕ್ಕೆ ಬೇರೊಂದು ಪ್ರಯೋಜನವುಂಟು. ವೃಕ್ಷವೆಲ್ಲವೂ ಬೀಜದಲ್ಲಿ ಅವ್ಯಕ್ತವಾಗಿ ಅಡಗಿರುವಂತೆ ಈ ಚರಾಚರ ಜಗತ್ತು ಶಿವನಲ್ಲಿ ಅಡಗಿದೆಯೆಂದೂ, ಶ್ರೀಗುರುವು ಕರಸ್ಥಲಕ್ಕೆ ಕರುಣಿಸಿದ ಇಷ್ಟಲಿಂಗದಲ್ಲಿ ಭಕ್ತನ ಮುಕ್ತಿಯು ಅಡಗಿದೆಯೆಂದೂ ಪ್ರವಚನಕಾರರು ಹೇಳುತ್ತಾರೆ, ಕೇಳುವವರು ತಲೆದೂಗುತ್ತಾರೆ. ಆದರೆ ಈ ದೃಷ್ಟಾಂತದ ಇನ್ನರ್ಧವನ್ನು ಹೇಳುವವರೂ ಕಡಿಮೆ, ಕೇಳುವವರೂ ಕಡಿಮೆ. ಬೀಜದಲ್ಲಿ ವೃಕ್ಷವಿರುವುದು ದಿಟ. ಅದು ತಾನಾಗಿ ಹೊರಬರುವುದಿಲ್ಲವೆಂಬುದೂ ಅಷ್ಟೇ ದಿಟ. ಮಣ್ಣು, ನೀರು, ಕಾವು, ಗಾಳಿ ಇವು ತಕ್ಕ ಪ್ರಮಾಣದಲ್ಲಿ ಕೂಡಿದರೆ ಅಂಕುರ. ಕೂಡದಿದ್ದರೆ ಬೀಜವು ಕೊಳೆತು ಮಣ್ಣಾಗುತ್ತದೆ. ಈ ಪ್ರಮಾಣವನ್ನು ಅರಿತು ನಡೆಯುವುದು ಶಿವನ ಕೆಲಸವಲ್ಲ, ಭಕ್ತನ ಕೆಲಸ.

ಇದಕ್ಕೆ ಹಿತ್ತಿಲಿನಲ್ಲಿಯೇ ನಿದರ್ಶನವುಂಟು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ರಾಗಿಯೇ ಮನೆತನದ ಧಾನ್ಯ; ಹೊಲಗಳಲ್ಲಿ ಅದರ ಜೊತೆಗೆ ಮುಸುಕಿನ ಜೋಳವೂ ಕಾಣುತ್ತದೆ. ಈಗ ಅನೇಕ ಗೃಹಸ್ಥರು ಮನೆಯ ಹಿಂದಣ ನಾಲ್ಕು ಮಾರು ನೆಲದಲ್ಲಿ ಮಕ್ಕಳಿಗಾಗಿ ಸಿಹಿಜೋಳವನ್ನು ಊರುತ್ತಾರೆ. (ಶರಣರ ಕಾಲದ ಜೋಳವು ಬಿಳಿಜೋಳ, ಮುಸುಕಿನ ಜೋಳವು ಅಮೆರಿಕಾ ಖಂಡದ ಮೆಕ್ಸಿಕೋ ಸೀಮೆಯಿಂದ ಬಂದುದು. ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಇದರ ತೆನೆಯೇ ಎಂದು ವಾದಿಸಿದ ವಿದ್ವಾಂಸರೂ ಉಂಟು. ಆ ವಾದವನ್ನು ಎಲ್ಲರೂ ಒಪ್ಪಿಲ್ಲ.) ಊರಿದವರಲ್ಲಿ ಬಹುಮಂದಿ ಒಂದೇ ದೂರನ್ನು ಹೇಳುತ್ತಾರೆ: ಕಾಳು ಮೊಳೆಯುವುದಿಲ್ಲ.

ಇಂತಹ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಅವನು ಸಂಕ್ರಾಂತಿಯ ಮರುವಾರ ನಲವತ್ತು ಕಾಳುಗಳನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಬೆಳಗ್ಗೆ ಬೆರಳುದ್ದದ ಆಳಕ್ಕೆ ಒತ್ತಿ, ಭಕ್ತಿಯಿಂದ ಎರಡು ಹೊತ್ತೂ ಕೊಡದಲ್ಲಿ ನೀರು ಸುರಿದನು. ಹನ್ನೆರಡು ದಿನ ಕಳೆದರೂ ತಲೆಯೆತ್ತಿದ ಮೊಳಕೆಗಳು ಮೂರು. ಆಗ ಅವನು ಕೈತೊಳೆದುಕೊಂಡು “ಶಿವಚಿತ್ತ” ಎಂದನು. ಮನೆಯಾಕೆಯಾದರೋ ಒಂದು ಕಡ್ಡಿಯಿಂದ ಮಣ್ಣನ್ನು ಕೆದಕಿ ನೋಡಿದಳು. ಕಾಳುಗಳು ಉಬ್ಬಿ ಮೆತ್ತಗಾಗಿ ಬೂಷ್ಟು ಹಿಡಿದಿದ್ದುವು. “ನೋಡಿ, ನಾವು ಕೊಳೆಯಿಸಿದ್ದನ್ನು ಶಿವನ ಲೆಕ್ಕಕ್ಕೆ ಬರೆಯಬೇಡಿ” ಎಂದಳು.

ಆ ತಾಯಿಯ ಮಾತು ಆಯ್ದಕ್ಕಿ ಲಕ್ಕಮ್ಮನ ವಂಶದ್ದು. ಅನುಭವಗೋಷ್ಠಿಯಲ್ಲಿ ಮೈಮರೆತು ಕುಳಿತ ಮಾರಯ್ಯನಿಗೆ, ಕಾಯಕವು ನಿಂತಿತೆಂದು ಎಚ್ಚರಿಸಿದವಳು ಆಕೆ. ಕೇಳುತ್ತಿದ್ದುದು ಸಾಮಾನ್ಯರ ಮಾತಲ್ಲ, ಪ್ರಭುದೇವರ ಸನ್ನಿಧಿಯ ಮಾತು. ಆದರೂ ಆಕೆ ರಿಯಾಯಿತಿ ತೋರಲಿಲ್ಲ. ಅಕ್ಕಿ ಹೆಚ್ಚಾಗಿ ಬಂದ ದಿನ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನನ್ನು ಕಳುಹಿಸಿದವಳೂ ಅವಳೇ. ಶರಣರ ಮನೆಯಲ್ಲಿ ತತ್ತ್ವದ ನೆವದಿಂದ ಕೆಲಸಕ್ಕೆ ಕುಂದು ಬರುವಂತಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ಶಿವಚಿತ್ತವೆಂಬ ಮಾತು ಬಹು ದೊಡ್ಡದು. ತನ್ನ ಪಾಲನ್ನು ಪೂರ್ತಿ ಸಲ್ಲಿಸಿದವನು, ಆಲಿಕಲ್ಲು ಬಿದ್ದು ಪೈರು ಹೋದ ದಿನ ಅದನ್ನು ನುಡಿದರೆ ಅದು ಶರಣಾಗತಿ. ತನ್ನ ಪಾಲನ್ನು ಅರೆಬರೆ ಮಾಡಿದವನು ನುಡಿದರೆ ಅದು ಶಿವನ ಮೇಲೆ ಹೊರಿಸುವ ಅಪವಾದ. ಈ ಅಭ್ಯಾಸವು ಹಿತ್ತಿಲಿನಲ್ಲಿಯೇ ನಿಂತರೆ ನಷ್ಟ ನಲವತ್ತು ಕಾಳು ಮಾತ್ರ. ಅದು ನಿಲ್ಲುವುದಿಲ್ಲ. ಮಗುವಿನ ಜ್ವರ ಮೂರು ದಿನವಾದರೂ ವೈದ್ಯನಲ್ಲಿಗೆ ಹೋಗದೆ ವಿಭೂತಿ ಹಚ್ಚಿ ಕುಳಿತವನೂ, ಸಾಲದ ಕಾಗದವನ್ನು ಓದದೆ ಹೆಬ್ಬೆಟ್ಟೊತ್ತಿ ನೆಲ ಕಳೆದುಕೊಂಡವನೂ ಕೊನೆಗೆ ಇದೇ ಮಾತನ್ನು ಆಡುತ್ತಾರೆ. ವಿಭೂತಿಗೆ ಮಹಿಮೆಯಿಲ್ಲವೆಂದಲ್ಲ; ಅದು ಸೋಮಾರಿತನಕ್ಕೆ ಹೊದಿಕೆಯಲ್ಲವೆಂದು ತಾತ್ಪರ್ಯ.

ಹಾಗಾದರೆ ಆ ಕಾಳು ಏಕೆ ಕೊಳೆಯಿತು? ಸಾಮಾನ್ಯ ಮುಸುಕಿನ ಜೋಳದಲ್ಲಿ ಕಾಳು ಬಲಿಯುತ್ತ ಬಂದಂತೆ ಅದರೊಳಗಣ ಸಕ್ಕರೆಯು ಹಿಟ್ಟಾಗಿ ಮಾರ್ಪಡುತ್ತದೆ. ಆ ಹಿಟ್ಟೇ ಮೊಳಕೆಯ ಬುತ್ತಿ. ಎಲೆ ಬಿಚ್ಚಿ ಬಿಸಿಲನ್ನು ಉಣ್ಣುವವರೆಗೂ ಸಸಿಯು ಅದರಿಂದಲೇ ಬದುಕಬೇಕು. ಸಿಹಿಜೋಳದಲ್ಲಿ ವಂಶದಲ್ಲಿಯೇ ಬಂದ ಒಂದು ಕೊರತೆಯಿಂದಾಗಿ ಈ ಮಾರ್ಪಾಡು ಪೂರ್ಣವಾಗುವುದಿಲ್ಲ. ಸಕ್ಕರೆಯು ಸಕ್ಕರೆಯಾಗಿಯೇ ಉಳಿಯುತ್ತದೆ. ಒಣಗಿದಾಗ ಕಾಳು ಸುಕ್ಕುಗಟ್ಟುತ್ತದೆ. 1953ರಲ್ಲಿ ಅಮೆರಿಕೆಯ ಇಲಿನಾಯ್ ವಿಶ್ವವಿದ್ಯಾನಿಲಯದ ಜಾನ್ ಲಾಗ್ನನ್ ಎಂಬ ವಿಜ್ಞಾನಿಯು, ಅತಿಯಾಗಿ ಸುಕ್ಕುಗಟ್ಟುವ ಒಂದು ಬಗೆಯಲ್ಲಿ ಸಕ್ಕರೆಯು ಬಹಳ ಹೆಚ್ಚಾಗಿರುವುದನ್ನು ಪ್ರಕಟಪಡಿಸಿದನು. ಅತಿ ಸಿಹಿಯೆನಿಸಿಕೊಂಡ ಇಂದಿನ ತಳಿಗಳಲ್ಲಿ ಹೆಚ್ಚಿನವು ಆ ಬಗೆಯವು. ತಿನ್ನುವವರಿಗೆ ಸಿಹಿಯನ್ನಿತ್ತ ಬೀಜವು ತನ್ನ ಕಂದನಿಗೆ ಮಾತ್ರ ತೆಳ್ಳನೆಯ ಬುತ್ತಿಯನ್ನು ಕಟ್ಟಿದೆ. ಇದರಲ್ಲಿ ದಾಸೋಹಿಯ ಸ್ವಭಾವವನ್ನು ಕಾಣುವವರು ಕಾಣಲಿ; ಹೋಲಿಕೆಯನ್ನು ಹೆಚ್ಚು ಎಳೆಯುವುದು ತರವಲ್ಲ. ತಿಳಿಯತಕ್ಕದ್ದು ಇಷ್ಟು: ರಾಗಿಯಂತೆ, ಅವರೆಯಂತೆ ಇದು ಎಸೆದಲ್ಲಿ ಏಳುವ ಬೀಜವಲ್ಲ. ಬಡ ಬೀಜಕ್ಕೆ ಎಚ್ಚರ ಹೆಚ್ಚು ಬೇಕು.

ಮೊದಲನೆಯದು ಕಾಲ. ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಓಡಿಹೋಗುತ್ತದೆಂದು ಈ ಸೀಮೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಜನವರಿಯಲ್ಲಿ ಬೆಂಗಳೂರಿನ ರಾತ್ರಿಯ ಉಷ್ಣತೆಯು ಸುಮಾರು 15 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯುತ್ತದೆ. ಬಯಲಿನ ಹಳ್ಳಿಗಳಲ್ಲಿ ಇನ್ನೂ ಕೆಳಗೆ ಹೋಗುವುದುಂಟು. ಅತಿ ಸಿಹಿಯ ತಳಿಗಳಿಗೆ ಮಣ್ಣಿನ ಕಾವು 16 ಡಿಗ್ರಿಗಿಂತ ಕಡಿಮೆಯಾದರೆ ಮೊಳಕೆಯು ಸೊರಗಿ ಮಲಗುತ್ತದೆ, ಅಷ್ಟರಲ್ಲಿ ಬೂಷ್ಟು ಕೆಲಸ ಮುಗಿಸುತ್ತದೆ. 24ರಿಂದ 30 ಡಿಗ್ರಿಯವರೆಗಿನ ಕಾವು ಅದಕ್ಕೆ ಹಿತ. ಆಗ ಐದರಿಂದ ಏಳು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಆದ್ದರಿಂದ ನೀರಿನ ಅನುಕೂಲವುಳ್ಳವರು ಶಿವರಾತ್ರಿ ಕಳೆದ ಮೇಲೆ ಊರಬಹುದು. ಇಲ್ಲದವರು ಮುಂಗಾರನ್ನು ಕಾಯುವುದು ಒಳ್ಳೆಯದು. ಕೊಳವೆಬಾವಿಯ ನೀರು ದುರ್ಲಭವಾದ ಈ ನಾಡಿನಲ್ಲಿ ಇದು ಸಣ್ಣ ವಿಚಾರವಲ್ಲ.

ಎರಡನೆಯದು ನೀರು. ಭಕ್ತಿಯಿಂದ ಕೆಡುವುದು ಇಲ್ಲಿಯೇ. ಸುಕ್ಕುಗಟ್ಟಿದ ಕಾಳು ನೀರನ್ನು ಕಂಡೊಡನೆ ಅತಿವೇಗದಿಂದ ಹೀರುತ್ತದೆ. ಆ ರಭಸಕ್ಕೆ ಒಳಗಣ ಸೂಕ್ಷ್ಮ ಕೋಶಗಳು ಬಿರಿಯುತ್ತವೆ. ಸಕ್ಕರೆಯು ಹೊರಕ್ಕೆ ಸೋರಿ ಮಣ್ಣಿನ ಬೂಷ್ಟಿಗೆ ಔತಣವಾಗುತ್ತದೆ. ನೀರಿನಲ್ಲಿ ಮುಳುಗಿದ ಬೀಜಕ್ಕೆ ಉಸಿರಾಡಲು ಗಾಳಿಯೂ ಇಲ್ಲ. ಆದಕಾರಣ ರಾತ್ರಿಯೆಲ್ಲ ನೆನೆಯಿಡುವುದು ಸಲ್ಲದು. ಮಡಿಯನ್ನು ಹಿಂದಿನ ದಿನವೇ ಚೆನ್ನಾಗಿ ನೆನಸಿ, ಮಾರನೆಯ ದಿನ ಹದವನ್ನು ಪರೀಕ್ಷಿಸಿ ಒಣಬೀಜವನ್ನೇ ಊರಬೇಕು. ಹದವೆಂದರೆ, ಹಿಡಿ ಮಣ್ಣನ್ನು ಅಮುಕಿದರೆ ಉಂಡೆಯಾಗಬೇಕು, ನೀರು ಜಿನುಗಬಾರದು, ಬೆರಳಿನಿಂದ ತಟ್ಟಿದರೆ ಉಂಡೆ ಒಡೆಯಬೇಕು. ಅನಂತರ ಮಣ್ಣು ಒಣಗಿದಂತೆ ಕಂಡಾಗ ಮಾತ್ರ ಕೈಯಲ್ಲಿ ಚಿಮುಕಿಸಿದರೆ ಸಾಕು. ಮಿತವರಿಯದ ಪ್ರೀತಿಯು ಮಕ್ಕಳನ್ನು ಕೆಡಿಸುವಂತೆ ಬೀಜವನ್ನೂ ಕೆಡಿಸುತ್ತದೆಂದು ಅನುಭವಸ್ಥರು ಬಲ್ಲರು.

ಆಳದ ವಿಷಯದಲ್ಲಿಯೂ ಹಾಗೆಯೇ. ತೆಳ್ಳನೆಯ ಬುತ್ತಿ ಕಟ್ಟಿಕೊಂಡವನಿಗೆ ದೂರಪ್ರಯಾಣ ಹೇಳಬಾರದು. ಒಂದು ಅಂಗುಲ, ಎಂದರೆ ಎರಡೂವರೆ ಸೆಂಟಿಮೀಟರು ಆಳ ಸಾಕು. ಈ ಸೀಮೆಯ ಕೆಮ್ಮಣ್ಣು ಮಳೆ ಬಿದ್ದು ಬಿಸಿಲು ಕಾದರೆ ಮೇಲೆ ಹೆಪ್ಪುಗಟ್ಟುತ್ತದೆ. ಮೊಳಕೆಯ ಸೂಜಿಯು ಅದನ್ನು ಒಡೆಯಲಾರದೆ ಮಣ್ಣಿನೊಳಗೇ ಎಲೆ ಬಿಚ್ಚಿ ಮುದುರಿ ಸಾಯುವುದುಂಟು. ಅದಕ್ಕಾಗಿ ಬೀಜದ ಮೇಲೆ ಬರಿಯ ಮಣ್ಣಿಗೆ ಬದಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಗೂ ಮರಳು ಬೆರಸಿದ ಮಣ್ಣನ್ನು ಉದುರಿಸಬೇಕು. ಹಸಿ ಸಗಣಿಯು ಬೀಜದ ಬಳಿ ಸುಳಿಯಬಾರದು. ಒಂದೊಂದು ಗುಣಿಗೆ ಎರಡು ಕಾಳು. ಗುಣಿಗೂ ಗುಣಿಗೂ ಗೇಣುದ್ದ, ಸಾಲಿಗೂ ಸಾಲಿಗೂ ಎರಡು ಅಡಿ. ಒಂದೇ ಉದ್ದ ಸಾಲಿಗಿಂತ ನಾಲ್ಕು ಗಿಡ್ಡ ಸಾಲುಗಳು ಲೇಸು. ಇದರ ಪರಾಗವನ್ನು ಗಾಳಿಯು ಒಯ್ಯುವುದರಿಂದ ಒತ್ತಾಗಿ ನಿಂತ ಗಿಡಗಳಲ್ಲಿ ತೆನೆ ತುಂಬುತ್ತದೆ.

ಬೀಜದ ಗುಣವನ್ನು ಅರಿಯದೆ ಊರುವುದೂ ಅಜಾಗರೂಕತೆಯೇ. 1966ರ ಬೀಜ ಕಾಯಿದೆಯಂತೆ ಪೊಟ್ಟಣದ ಚೀಟಿಯ ಮೇಲೆ ಮೊಳಕೆಯ ಪ್ರಮಾಣ ಮೊದಲಾದ ವಿವರಗಳಿರುತ್ತವೆ; ಅದನ್ನು ಓದಿ ಕೊಳ್ಳಬೇಕು. ಸಿಹಿಜೋಳದ ಬೀಜದ ಆಯುಸ್ಸು ಅಲ್ಪ. ಒಲೆಯ ಬಳಿಯ ಗೂಡಿನಲ್ಲಿಯೋ ಬಿಸಿಲು ಬೀಳುವ ಕಿಟಕಿಯಲ್ಲಿಯೋ ಇಟ್ಟ ಹಳೆಯ ಪೊಟ್ಟಣವನ್ನು ನಂಬಬಾರದು. ಸಂಶಯವಿದ್ದರೆ ಇಪ್ಪತ್ತು ಕಾಳುಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಬೆಚ್ಚಗಿರುವೆಡೆ ಇಟ್ಟು, ಬಟ್ಟೆ ಒಣಗದಂತೆ ನೋಡಿಕೊಂಡು, ಏಳನೆಯ ದಿನ ಎಣಿಸಬೇಕು. ಹದಿನೈದು ಮೊಳೆತರೆ ಊರಬಹುದು. ಎಂಟೇ ಮೊಳೆತರೆ ಆ ಬೀಜಕ್ಕಾಗಿ ನೆಲವನ್ನೂ ನೀರನ್ನೂ ಕಳೆಯುವುದು ವ್ಯರ್ಥ. ಮನೆಯ ತೆನೆಯಿಂದ ಬೀಜ ಉಳಿಸುವ ಆಸೆಯೂ ಬಹುಮಟ್ಟಿಗೆ ಫಲಿಸದು. ಮಾರುವ ಬೀಜವು ಸಾಮಾನ್ಯವಾಗಿ ಸಂಕರ ತಳಿಯಾದುದರಿಂದ ಮರುವರ್ಷ ಅದೇ ಗುಣ ಬಾರದು. ನೆರೆಹೊಲದ ಮುಸುಕಿನ ಜೋಳದ ಪರಾಗವು ಬಿದ್ದರಂತೂ ಆ ವರ್ಷವೇ ಕಾಳಿನ ಸಿಹಿ ಕುಂದಿ ಹಿಟ್ಟು ಹೆಚ್ಚುತ್ತದೆ. ಸಂಗದ ಬಲವನ್ನು ಶರಣರು ಎಷ್ಟು ಹೇಳಿದ್ದಾರೆಂಬುದು ಇಲ್ಲಿ ನೆನಪಿಗೆ ಬಾರದಿರದು.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಅಂಗಡಿಯ ಬೀಜಕ್ಕೆ ಗುಲಾಬಿಯೋ ಹಸುರೋ ಬಣ್ಣ ಬಳಿದಿದ್ದರೆ ಅದು ಬೂಷ್ಟನ್ನು ತಡೆಯುವ ವಿಷದ ಲೇಪ. ಬೀಜವನ್ನು ದೇವರ ಮುಂದಿರಿಸಿ ಬಿತ್ತುವುದು ಅನೇಕ ಮನೆಗಳ ವಾಡಿಕೆ. ಅಂತಹ ಬೀಜವನ್ನು ಪೊಟ್ಟಣ ಬಿಚ್ಚದೆಯೇ ಇರಿಸಬೇಕು. ಪೂಜೆಯ ತಟ್ಟೆಗೆ ಸುರಿಯಬಾರದು. ಮಕ್ಕಳ ಕೈಗೆ ಸಿಕ್ಕಬಾರದು. ಉಳಿದ ಕಾಳನ್ನು ಬೇಯಿಸುವುದಾಗಲಿ, ಹಸುವಿಗೆ, ಹಕ್ಕಿಗೆ ಹಾಕುವುದಾಗಲಿ ಕೂಡದು. ಊರಿದ ಕೈಯನ್ನು ಸೋಪಿನಿಂದ ತೊಳೆದೇ ಇಷ್ಟಲಿಂಗವನ್ನೂ ಅನ್ನವನ್ನೂ ಮುಟ್ಟಬೇಕು. ಪ್ರಸಾದದ ಭಾವನೆಯು ಪದಾರ್ಥದ ವಿಷವನ್ನು ಕಳೆಯುತ್ತದೆಂದು ಯಾರೂ ಭ್ರಮಿಸಬಾರದು. ದೇಹವೇ ದೇಗುಲವೆಂದ ಮತದಲ್ಲಿ ದೇಹವನ್ನು ಕಾಪಾಡುವುದೂ ಆಚಾರವೇ.

ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಗೊಗ್ಗಯ್ಯನೆಂಬ ತೋಟಿಗನ ಪ್ರಸಂಗವುಂಟು. ತೋಟದ ಕೆಲಸದಲ್ಲಿ ಮುಳುಗಿದ್ದ ಅವನಿಗೆ ಅಲ್ಲಮಪ್ರಭುಗಳು ಕಾಯವೆಂಬ ಇನ್ನೊಂದು ತೋಟದ ಬೇಸಾಯವನ್ನು ತಿಳಿಸಿದರು. ಆ ನೆಲವನ್ನು ಅಗೆದಾಗ ಕಳಸವು ತೋರಿ, ಅದರ ಕೆಳಗಣ ಗುಡಿಯಲ್ಲಿ ಸಮಾಧಿಸ್ಥನಾದ ಅನಿಮಿಷಯ್ಯನು ಕಾಣಿಸಿದನೆಂದು ಕಥೆ. ಗೊಗ್ಗಯ್ಯನ ತೋಟಗಾರಿಕೆಯನ್ನು ಪ್ರಭುಗಳು ಹಳಿದರೆಂದು ಕೆಲವರು ಅರ್ಥ ಮಾಡುತ್ತಾರೆ. ಅದು ಸರಿಯಾಗಿ ತೋರುವುದಿಲ್ಲ. ತೋಟದ ಕೆಲಸವನ್ನೇ ಅರಿಯದವನಿಗೆ ಒಳಗಣ ತೋಟದ ಉಪಮೆಯು ಏನನ್ನು ತಿಳಿಸೀತು? ಹದ ನೋಡುವುದು, ಕಳೆ ಕೀಳುವುದು, ನೀರನ್ನು ಮಿತಿಯಲ್ಲಿ ಹಾಯಿಸುವುದು ಇವನ್ನು ಕೈಯಿಂದ ಕಲಿತವನೇ ಮನಸ್ಸಿನ ಹದವನ್ನೂ ಬಲ್ಲನು. ಒಕ್ಕಲಿಗ ಮುದ್ದಣ್ಣನಂತಹ ಶರಣರು ಬೇಸಾಯದ ಮಾತಿನಲ್ಲಿಯೇ ತತ್ತ್ವವನ್ನು ನುಡಿದುದಕ್ಕೂ ಇದೇ ಕಾರಣವಿರಬೇಕು.

ಇನ್ನು ಮೊಳಕೆ ಕಂಡಮೇಲೂ ಕಾವಲು ತಪ್ಪದು. ಇರುವೆಯು ಬೀಜವನ್ನು ಕೊರೆಯುತ್ತದೆ; ಅಳಿಲು ಕೆದಕಿ ಒಯ್ಯುತ್ತದೆ; ಕಾಗೆ, ಗೊರವಂಕಗಳು ಎಳೆಯ ಸೂಜಿಯನ್ನು ಹಿಡಿದೆಳೆದು ಬುಡದ ಕಾಳನ್ನು ತಿನ್ನುತ್ತವೆ. ಅವುಗಳ ಮೇಲೆ ಕೋಪಿಸುವುದಕ್ಕಿಂತ ಮಡಿಯ ಮೇಲೆ ವಾರಕಾಲ ಮುಳ್ಳುಕಡ್ಡಿ ಹರಡುವುದು, ಇಲ್ಲವೇ ಹಳೆಯ ಬಲೆಯನ್ನು ಹೊದಿಸುವುದು ಉತ್ತಮ. ಊರಿದ ದಿನವೇ ಆರೆಂಟು ಕಾಳುಗಳನ್ನು ಮುತ್ತುಗದ ಎಲೆಯ ದೊನ್ನೆಗಳಲ್ಲಿ ಗೊಬ್ಬರದ ಮಣ್ಣು ತುಂಬಿ ಬೇರೆಯಾಗಿ ಹಾಕಿಟ್ಟರೆ ಬರಿದಾದ ಗುಣಿಗಳಿಗೆ ಒದಗುತ್ತವೆ. ಇದರ ಬೇರು ಕದಲಿಕೆಯನ್ನು ಸಹಿಸದು. ಹತ್ತು ದಿನ ಮೀರುವ ಮೊದಲೇ, ಸಂಜೆಯ ಹೊತ್ತು, ಸಸಿಯನ್ನು ದೊನ್ನೆಯ ಸಹಿತ ಗುಣಿಗೆ ಇಳಿಸಿ, ಬುಡಕ್ಕೆ ಮಣ್ಣೇರಿಸಿ, ಒಂದು ಚೊಂಬು ನೀರನ್ನು ಮೆಲ್ಲಗೆ ಎರೆಯಬೇಕು. ಎರಡೂ ಕಾಳು ಮೊಳೆತ ಗುಣಿಯಲ್ಲಿ ಬಲವಾದುದನ್ನು ಉಳಿಸಿ ಇನ್ನೊಂದನ್ನು ಕೀಳದೆ ಬುಡದಲ್ಲಿ ಚಿವುಟಿದರೆ, ಉಳಿದುದರ ಬೇರು ಅಲುಗುವುದಿಲ್ಲ.