ಆವಿಯು ಕೊಡುವ ಸುಳ್ಳು ಸಮಾಧಾನ



ನಮ್ಮ ಮಕ್ಕಳು ವಿದ್ಯೆಗಾಗಿಯೂ ಕೆಲಸಕ್ಕಾಗಿಯೂ ಊರು ಬಿಟ್ಟು ಪಟ್ಟಣಗಳಿಗೆ ಹೋಗುತ್ತಾರೆ. ಅಲ್ಲಿ ಅವರನ್ನು ಮರುಳುಗೊಳಿಸುವ ವಸ್ತುಗಳಲ್ಲಿ ವೇಪ್ ಅಥವಾ ಇ-ಸಿಗರೇಟು ಎಂಬದು ಒಂದು. ಅದು ನೋಡುವದಕ್ಕೆ ಲೇಖನಿಯಂತೆ ಇರುವದು. ಬೆಂಕಿಯಿಲ್ಲ, ಬೂದಿಯಿಲ್ಲ, ಹಣ್ಣಿನ ಪರಿಮಳವುಂಟು. ಬ್ಯಾಟರಿಯ ಕಾವಿನಿಂದ ಒಳಗಿನ ದ್ರವವು ಆವಿಯಾಗಲು ಅದನ್ನು ಸೇದುವರು. ಬೀಡಿಯಲ್ಲಿಯೂ ಹೊಗೆಸೊಪ್ಪಿನಲ್ಲಿಯೂ ಇರುವ ನಿಕೋಟಿನೇ ಸಾಮಾನ್ಯವಾಗಿ ಆ ದ್ರವದಲ್ಲಿಯೂ ಇರುವದು.

ಇದರಿಂದ ಮನಸ್ಸಿಗೆ ಸಮಾಧಾನವಾಗುವದೆಂದು ಯೌವನಸ್ಥರು ಹೇಳುವರು. ಈ ಮಾತನ್ನು ನಾವು ಪರೀಕ್ಷಿಸೋಣ. ಸೇದಿದ ನಿಕೋಟಿನು ಕೆಲವೇ ಕ್ಷಣಗಳಲ್ಲಿ ಮೆದುಳನ್ನು ಮುಟ್ಟಿ ಹಿತವನ್ನುಂಟುಮಾಡುವದು ನಿಜ. ಆದರೆ ಸುಮಾರು 2 ತಾಸುಗಳಲ್ಲಿ ರಕ್ತದೊಳಗೆ ಅದು ಅರ್ಧಕ್ಕೆ ಇಳಿಯುವದು. ಆಗ ಅಭ್ಯಾಸಕ್ಕೆ ಸಿಕ್ಕಿದವನಿಗೆ ಸಿಡುಕು, ಕಳವಳ, ಮನಗುಂದು, ನಿದ್ರೆಗೇಡು ಇವು ಬರುವವು. ಮತ್ತೆ ಸೇದಿದರೆ ಅಡಗುವವು. ಅಡಗಿದ್ದನ್ನು ಕಂಡು ಅವನು ಅದನ್ನು ಔಷಧವೆಂದೆಣಿಸುವನು. ಆ ಕಳವಳವನ್ನು ತಂದದ್ದೂ ಅದೇ ಎಂದು ತಿಳಿಯನು. ರಾತ್ರಿಯಲ್ಲಿ ನಮ್ಮ ಕಣಜದ ಭತ್ತವನ್ನು ಕದ್ದು, ಹಗಲಲ್ಲಿ ಅದನ್ನೇ ನಮಗೆ ಬಡ್ಡಿಗೆ ಕೊಡುವ ಸಾಹುಕಾರನನ್ನು ಉಪಕಾರಿಯೆಂದು ಕರೆಯುವೆವೋ? ಇದಲ್ಲದೆ ಮನುಷ್ಯನ ಮೆದುಳು ಸುಮಾರು 25ನೆಯ ವಯಸ್ಸಿನ ವರೆಗೆ ಬಲಿಯುತ್ತಾ ಇರುವದು. ಎಳೆಯ ಪೈರಿಗೆ ತಗಲಿದ ರೋಗವು ಬಲಿತ ಪೈರಿಗಿಂತ ಹೆಚ್ಚಾಗಿ ಕೆಡಿಸುವದಲ್ಲವೋ?

ವೇಪ್ ಸೇದುವ ಯೌವನಸ್ಥರಲ್ಲಿ ಮನೋವ್ಯಥೆಯು ಹೆಚ್ಚೆಂದು ಅನೇಕ ಪರಿಶೋಧನೆಗಳಲ್ಲಿ ಕಂಡುಬಂದಿದೆ. ಸೇದುವದರಿಂದ ವ್ಯಥೆಯೋ, ವ್ಯಥೆಯಿಂದ ಸೇದುವದೋ ಎಂದರೆ, ಎರಡು ಕಡೆಯಿಂದಲೂ ಸಂಬಂಧವು ತೋರಿಬಂದಿದೆ. ಆದಕಾರಣ ತಂದೆತಾಯಿಗಳೇ, ಹಿರಿಯರೇ, ಮಗನ ಚೀಲದಲ್ಲಿ ಆ ವಸ್ತುವನ್ನು ಕಂಡ ಕೂಡಲೆ ಕೋಲನ್ನು ಹುಡುಕಬೇಡಿರಿ. ಅವನ ಹೃದಯದ ಭಾರವೇನೆಂದು ಮೊದಲು ಕೇಳಿರಿ. ಕರ್ನಾಟಕದಲ್ಲಿ 2016ರಲ್ಲಿಯೂ, ಭಾರತದಲ್ಲೆಲ್ಲಾ 2019ರಲ್ಲಿಯೂ ಇದರ ಮಾರಾಟವನ್ನು ನಿಷೇಧಿಸಲಾಯಿತು. ಆದರೂ ಗುಟ್ಟಾಗಿ ಸಿಕ್ಕುವದು. ಗುಟ್ಟಾಗಿ ಕೊಂಡವನು ಮನೆಯವರಿಗೂ ಹೆದರಬೇಕಾದರೆ, ಅವನ ವ್ಯಥೆಗೆ ಬಾಯಿಯೇ ಇಲ್ಲದೆ ಹೋಗುವದು.

ಇದನ್ನು ಬಿಡುವದು ಸಾಧ್ಯವೇ ಎಂದು ಸಂಶಯಪಡಬೇಡಿರಿ. ಅಮೇರಿಕ ದೇಶದ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ 2019ರಲ್ಲಿ ನೂರಕ್ಕೆ 27 ಮಂದಿಗಿಂತ ಹೆಚ್ಚಾಗಿ ಇದನ್ನು ಸೇದುವವರಿದ್ದರು. 2024ರಲ್ಲಿ ಅವರು ನೂರಕ್ಕೆ 8ಕ್ಕೂ ಕಡಿಮೆಯಾದರು. ಬಿಟ್ಟ ಮೊದಲಿನ ಕೆಲವು ದಿವಸಗಳು ಬಹು ಕಷ್ಟವಾಗಿರುವವು. ಕೆಲವು ವಾರಗಳಲ್ಲಿ ಕಳವಳವು ಸಾಮಾನ್ಯವಾಗಿ ತಗ್ಗುವದು. ಆ ದಿವಸಗಳಲ್ಲಿ ಮಗನು ಸಿಡುಕಿದರೆ ಸೈರಿಸಿಕೊಳ್ಳಿರಿ. ಅವನನ್ನು ಒಂಟಿಯಾಗಿ ಬಿಡಬೇಡಿರಿ. ವ್ಯಥೆಯು ಮಿತಿಮೀರಿದರೆ, 2022ರಲ್ಲಿ ಸರಕಾರವು ಸ್ಥಾಪಿಸಿದ ಟೆಲಿ-ಮಾನಸ್ ಎಂಬ ಸಹಾಯಕ್ಕೆ 14416ರಲ್ಲಿ ಫೋನು ಮಾಡಿರಿ. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ವೈದ್ಯರ ಬಳಿಗೆ ಹೋಗುವದು ನಂಬಿಕೆಯ ಕೊರತೆಯಲ್ಲ.

ದಾರಿತಪ್ಪಿದ ಮಗನನ್ನು ದೂರದಿಂದ ಕಂಡು ಓಡಿಹೋಗಿ ಅಪ್ಪಿಕೊಂಡ ತಂದೆಯ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಆ ತಂದೆಯು ಲೆಕ್ಕ ಕೇಳುವದಕ್ಕೆ ನಿಲ್ಲಲಿಲ್ಲ. ನಮ್ಮ ಮನೆಗಳ ಬಾಗಲುಗಳೂ ಹಾಗೆಯೇ ತೆರೆದಿರಲಿ. ಆಗ ನಮ್ಮ ಮಕ್ಕಳು ಸಮಾಧಾನವನ್ನು ಆವಿಯಲ್ಲಿ ಹುಡುಕದೆ ನಮ್ಮ ಬಳಿಗೆ ಬರುವರು. ಆಮೆನ್.