ಆ ಬಂಗಾರ ಯಾರದು?

ಜ್ಞಾನೋಕ್ತಿಗಳು 20:14 ತೆಗೆಯಿರಿ. ಕೊಳ್ಳುವಾಗ ಮಾಲು ಚೆನ್ನಾಗಿಲ್ಲ ಅಂತ ಹೀಗಳೆದು, ಆಚೆ ಹೋಗಿ ಕೊಚ್ಚಿಕೊಳ್ಳುವ ಮನುಷ್ಯ ಅಲ್ಲಿದ್ದಾನೆ. ಅವನನ್ನ ಓದಿದಾಗೆಲ್ಲ ನನಗೆ ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ನಕಲಿ ಬಂಗಾರದ ಕೇಸುಗಳು ನೆನಪಾಗುತ್ತವೆ. ಆ ಊರಿನವರೆಲ್ಲ ಹಾಗೆ ಅಂತಲ್ಲ. ತೆಂಗು, ಅಡಿಕೆ, ಈರುಳ್ಳಿ ಬೆಳೆದು ಬದುಕುವ ಜನ ಅವರು.

ಮೋಸದ ರೀತಿ ಹೆಚ್ಚುಕಮ್ಮಿ ಒಂದೇ. ಬೆಂಗಳೂರಿನಲ್ಲಿರುವ ನಿಮಗೆ ಒಂದು ಫೋನ್ ಬರುತ್ತೆ. "ಅಣ್ಣಾ, ಮನೆಗೆ ಪಾಯ ತೋಡುವಾಗ ಒಂದು ಕುಡಿಕೆ ಬಂಗಾರದ ನಾಣ್ಯ ಸಿಕ್ಕಿದೆ. ನಾವು ಬಡವರು, ಎಲ್ಲಿ ಮಾರೋದೋ ಗೊತ್ತಿಲ್ಲ." ಬಸ್ ಸ್ಟ್ಯಾಂಡಿಗೋ ರೈಲ್ವೆ ಸ್ಟೇಷನ್ನಿಗೋ ಕರೆಸಿ ಒಂದೆರಡು ನಾಣ್ಯ ಕೈಗಿಡುತ್ತಾರೆ. ಅಕ್ಕಸಾಲಿಗ ಒರೆಗಲ್ಲಿಗೆ ಉಜ್ಜಿದರೆ ಅಪ್ಪಟ ಚಿನ್ನ! ಎರಡನೇ ಸಲ ಲಕ್ಷಗಟ್ಟಲೆ ನಗದು ತಗೊಂಡು ಹೋದಾಗ, ಊರಾಚೆ, ಗಡಿಬಿಡಿಯಲ್ಲಿ ಗಂಟು ಕೈಗೆ ಬರುತ್ತೆ. ಒಳಗಿರೋದು ಚಿನ್ನದ ಬಣ್ಣದ ಲೋಹ.

ತಪ್ಪಿಸಿಕೊಳ್ಳೋದು ಹೇಗೆ? ಹೋಗಬೇಡಿ, ಅಷ್ಟೇ. ಸ್ಯಾಂಪಲ್ ಕೂಡ ಮುಟ್ಟಬೇಡಿ. ಅಸಲಿ ಸ್ಯಾಂಪಲ್ಲೇ ಗಾಳ. ಅಪಾಯಕ್ಕೆ ಸಿಕ್ಕಿಕೊಂಡರೆ 112ಕ್ಕೆ ಫೋನ್ ಮಾಡಿ.

ನನ್ನ ಪ್ರಶ್ನೆ ಬೇರೆ. ಗಂಟಿನಲ್ಲಿದ್ದದ್ದೆಲ್ಲ ಅಸಲಿ ಚಿನ್ನವೇ ಆಗಿದ್ದರೆ ಆ ವ್ಯಾಪಾರ ಸರಿಯಾಗುತ್ತಿತ್ತಾ? ನೆಲದಡಿ ಸಿಕ್ಕ ನಿಧಿಯನ್ನ ಸರ್ಕಾರಕ್ಕೆ ತಿಳಿಸಬೇಕು ಅಂತ ಈ ದೇಶದಲ್ಲಿ 1878ರಿಂದಲೇ ಕಾಯಿದೆ ಇದೆ. ಅದನ್ನೂ ಬಿಡಿ. ಎದುರಿಗೆ ನಿಂತವನು ಬಡ ಕೂಲಿಯವನು, ಬೆಲೆ ಗೊತ್ತಿಲ್ಲದವನು ಅಂತ ನಂಬಿಯೇ ತಾನೇ ನಾವು ಕಾಲು ಬೆಲೆಗೆ ಕೇಳೋದು? ನಾಣ್ಯ ಅಸಲಿಯಾ ಅಂತ ಹತ್ತು ಸಲ ಪರೀಕ್ಷೆ ಮಾಡಿಸುತ್ತೇವೆ. ಇದು ಯಾರದು, ಇವನಿಗೆ ನ್ಯಾಯವಾದ ಬೆಲೆ ಎಷ್ಟು ಅಂತ ಒಂದು ಸಲವೂ ಕೇಳಲ್ಲ.

ಹಾಗಂತ "ದುರಾಸೆ ಪಟ್ಟ, ಅನುಭವಿಸಲಿ" ಅನ್ನೋದು ನನಗೆ ಒಪ್ಪಿಗೆ ಇಲ್ಲ. ಕೆಲವರು ತಂಗಿ ಮದುವೆಗೆ ಅಂತ ಸಾಲ ಮಾಡಿ ಹೋಗಿರುತ್ತಾರೆ. ಮನಸ್ಸಿನಲ್ಲಿದ್ದ ಆಸೆಗೆ ಅವರು ದೇವರ ಮುಂದೆ ಲೆಕ್ಕ ಕೊಡಲಿ. ದುಡ್ಡು ಹೊಡೆದವನ ಲೆಕ್ಕ ಅದರಿಂದ ಒಂದು ಪೈಸೆಯೂ ಕಮ್ಮಿಯಾಗಲ್ಲ. ಆದರೆ ನಾಚಿಕೆಯಿಂದ ಇವರು ಠಾಣೆಗೇ ಹೋಗಲ್ಲ. ಮೋಸಗಾರ ಅದನ್ನೇ ನಂಬಿಕೊಂಡು ಮುಂದಿನ ಫೋನ್ ಮಾಡ್ತಾನೆ.

ನಿಮ್ಮ ಮನೆಯಲ್ಲೋ ಪಿಜಿಯಲ್ಲೋ ಹೀಗೆ ಕಳಕೊಂಡವರಿದ್ದರೆ ಬೈಯಬೇಡಿ. ಮೀಟಿಂಗ್ ಮುಗಿದ ಮೇಲೆ ಕರಕೊಂಡು ಬನ್ನಿ. ಕಂಪ್ಲೇಂಟ್ ಕೊಡೋಕೆ ನಾನೂ ಜೊತೆಗೆ ಬರ್ತೀನಿ.